ಉಳಿಸಲಾಗುತ್ತಿದೆ

ಕುತೈಸಿಯ ಹಳೆ ಔಷಧದಂಗಡಿಯ ಕೆಳಗೆ
ಏಳು ಮೆಟ್ಟಿಲಿಳಿದರೆ ನನ್ನ ರಿಪೇರಿ ಅಂಗಡಿ.
ರಿಯೋನಿ ನದಿ ಉಕ್ಕಿದ ವರ್ಷ ಆರೇ ಮೆಟ್ಟಿಲು.

ಸಿಯಾಲಾ ಬಂದದ್ದು ಮಂಗಳವಾರ,
ಲ್ಯಾಪ್‌ಟಾಪನ್ನು ಮೇಜುಬಟ್ಟೆಯಲ್ಲಿ ಸುತ್ತಿ
ಒಲೆಯಿಂದ ಈಗಷ್ಟೇ ತೆಗೆದ ಬ್ರೆಡ್ಡಿನಂತೆ ಎದೆಗವಚಿ.
ಮೂವತ್ತು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವಳು;
ಗಮರ್ಜೋಬಾ ಎಂದರೂ ಸಾಕು,
ಬೆನ್ನಿಗೇ ಎಲ್ಲೋ ಭೂಕಂಪವಾದ ಸುದ್ದಿ ಬರುತ್ತದೆ ಅನಿಸುತ್ತದೆ.

"ಇದು ಹೋಗುವುದಿಲ್ಲ," ಅಂದಳು.
ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ.
ತಂಗಿಯ ಮಗ ಹಾಕಿಕೊಟ್ಟ ಧ್ವನಿಮುದ್ರಣದ ಆಪ್:
ನಿನ್ನ ಅಡುಗೆಗಳನ್ನು ಹೇಳು, ಹಿಡಿದಿಡೋಣ ಅಂದಿದ್ದನಂತೆ.
ಹೇಳಿದ್ದು ಒಂದೇ,
ಅಕ್ರೋಟಿನ ಗೊಜ್ಜು ತುಂಬಿದ ಬದನೆಕಾಯಿ.

ಇಂಟು ಗುರುತು ಒತ್ತಿದೆ. ಮುಚ್ಚಿತು.
ಮುಚ್ಚಿ, ಮೂಲೆಗೆ ಹೋಗಿ ಕೂತಿತು,
ಕೋಟು ತೊಟ್ಟು ಬಾಗಿಲ ಬಳಿ ನಿಂತು
"ಒಂದೇ ಒಂದು ಮಾತು" ಎನ್ನುವ
ನಮ್ಮೂರ ನೆಂಟನ ಹಾಗೆ.
ಕೊನೆಯ ಬಟ್ಟಲಾದ ಮೇಲೆ
ಹೊಸಿಲ ಬಟ್ಟಲು,
ಹೊಸಿಲಾದ ಮೇಲೆ ಗೇಟಿನದು.

ಕಿತ್ತುಹಾಕು ಅಂದೆ.
*ಆಪ್ ಚಾಲನೆಯಲ್ಲಿದೆ. ಮೊದಲು ಮುಚ್ಚಿ.*
ಮುಚ್ಚು ಅಂದೆ.
*ಉಳಿಸಲಾಗುತ್ತಿದೆ. ದಯವಿಟ್ಟು ಕಾಯಿರಿ.*
ಕಾದೆವು.
ಅವಳು ಚಹಾಕ್ಕೆ ಚೆರ್ರಿ ಮುರಬ್ಬ ಕದಡಿದಳು.
ನಾನು ಕಿಟಕಿಯಲ್ಲಿ ಹಾದುಹೋಗುವ ಬೂಟುಗಳನ್ನು ಎಣಿಸಿದೆ;
ನನ್ನ ಕಿಟಕಿಗೆ ಕಾಣುವುದು ಅಷ್ಟೇ.

ಟಾಸ್ಕ್ ಮ್ಯಾನೇಜರ್ ತೆರೆದರೆ
ಅಲ್ಲಿ ಒಂದಲ್ಲ, ಎರಡು.
ಒಂದನ್ನು ಮಲಗಿಸಿದರೆ ಇನ್ನೊಂದು ಎಬ್ಬಿಸುತ್ತದೆ,
ಅದನ್ನು ಮಲಗಿಸುವಷ್ಟರಲ್ಲಿ ಇದು ಎದ್ದು ಕೂತಿರುತ್ತದೆ.
ಒಂದೇ ತೊಟ್ಟಿಲ ಅವಳಿಗಳು.
ನನಗೆ ಎರಡು ಕೈ, ಇರುವುದೊಂದೇ ಮೌಸು.

ಬಲವಂತವಾಗಿ ಆರಿಸಿದೆ. ಮತ್ತೆ ಹಚ್ಚಿದೆ.
ಶುರುವಿನ ರಾಗ ಮುಗಿಯುವ ಮೊದಲೇ
ಕೆಂಪು ಚುಕ್ಕೆ, ಆಕಳಿಕೆ ಕೂಡ ಇಲ್ಲದೆ, ಹಾಜರ್.

"ಶಪಿಸಬೇಡ, ಮಾಲ್ಖಾಜ್," ಅಂದಳು.
ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಕೊನೆಗೆ ಸೇಫ್ ಮೋಡಿನಲ್ಲಿ ಒಳಹೊಕ್ಕೆ.
ದಪ್ಪಕ್ಷರದ ಆ ಬಡ ಪರದೆಯಲ್ಲಿ
ಯಾರೂ ಎದ್ದಿರುವುದಿಲ್ಲ, ಮೆಲ್ಲಗೆ ನಡೆಯಬಹುದು.
ಫೋಲ್ಡರಿನೊಳಗಿನ ಫೋಲ್ಡರಿನ ತಳದಲ್ಲಿ ಸಿಕ್ಕಿತು:
ಒಂದು ಫೈಲು. ನಲವತ್ತೊಂದು ದಿನದ್ದು.
ಬದನೆಕಾಯಿಯಿಂದ ಹಿಡಿದು ಇವತ್ತಿನ ಬೆಳಗಿನವರೆಗೆ,
ಕರೆಂಟು ಹೋದಲ್ಲೆಲ್ಲ ಗಂಟು ಹಾಕಿಕೊಂಡು,
ಯಾರೂ ಸಾಕು ಅನ್ನದ್ದರಿಂದ
ಕೇಳಿಸಿಕೊಳ್ಳುತ್ತಲೇ ಇತ್ತು.
ಮುಗಿಯದ್ದನ್ನು ಉಳಿಸುವುದು ಹೇಗೆ,
ಉಳಿಸದೆ ಹೊರಡುವುದು ಹೇಗೆ;
ಅದರ ತಕರಾರು ಇಷ್ಟೇ.

ನಡುವೆ ಎಲ್ಲೋ ಒಂದು ಕಡೆ ಒತ್ತಿದೆ.
ನಲ್ಲಿ. ಕುರ್ಚಿ ಎಳೆದ ಸದ್ದು. ಪಕ್ಕದ ಮನೆಯ ನಾಯಿ.
ಬಹಳ ಹೊತ್ತು ಫ್ರಿಜ್ಜು.
ಆಮೇಲೆ ಅವಳ ದನಿ,
ರೇಡಿಯೋದ್ದಲ್ಲ, ಮನೆಯ ಚಪ್ಪಲಿ ಮೆಟ್ಟಿದ ದನಿ:
"ಉಪ್ಪು ಎಲ್ಲಿಟ್ಟೆಯೇ, ಹುಚ್ಚಿ?"
ಮತ್ತೆ ನಗು. ಒಬ್ಬಳದೇ. ಉದ್ದ.
ತುದಿಯಲ್ಲಿ ಕೆಮ್ಮು.

ಸಿಯಾಲಾ ಮುಂದೆ ಬಾಗಿದಳು.
"ಯಾವತ್ತಿನದು?"
ಹದಿನೇಳನೆಯ ದಿನ, ರಾತ್ರಿ ಎರಡು ಗಂಟೆ ಹತ್ತು ನಿಮಿಷ.
"ಯಾಕೆ ನಕ್ಕೆನೋ, ನೆನಪೇ ಇಲ್ಲ.
ವಾರ್ತೆ ಓದುವಾಗ ಒಮ್ಮೆಯೂ ನಕ್ಕವಳಲ್ಲ."
ಚಮಚ ನೆಕ್ಕಿದಳು.
"ಒಮ್ಮೆ. ಕೋಳಿ ಸಾಕಣೆಯ ಪಂಚವಾರ್ಷಿಕ ಗುರಿ ಓದುವಾಗ.
ಅರ್ಧ ಸಂಬಳ ಹಿಡಿದರು."

ಎಷ್ಟು ಇಟ್ಟುಕೊಳ್ಳಲಿ, ಕೇಳಿದೆ.
"ಬದನೆಕಾಯಿ ಸಾಕು. ಹುಡುಗನಿಗೆ."
ಮೇಜುಬಟ್ಟೆಯ ಮಡಿಕೆ ಸರಿಮಾಡುತ್ತ, ಸ್ವಲ್ಪ ತಡೆದು,
"ಉಪ್ಪೂ ಇರಲಿ."

ಉಳಿದದ್ದನ್ನು ಅಳಿಸಿದೆ.
ಹಳೆಯ ಯಂತ್ರ, ನಿಧಾನ;
ನಲವತ್ತು ದಿನದ ಫ್ರಿಜ್ಜು ಅಳಿಯಲು ಎರಡು ನಿಮಿಷ.
ಆಪನ್ನು ಕಿತ್ತೆ. ಈ ಸಲ ಏನೂ ಕೇಳದೆ ಹೋಯಿತು.
ಮೂಲೆ ಖಾಲಿ.
ಇಬ್ಬರೂ ಆ ಮೂಲೆಯನ್ನೇ ನೋಡುತ್ತಿದ್ದೆವು.

ದುಡ್ಡು ಎಣಿಸಿಟ್ಟು, ಕೋಟು ತೊಟ್ಟು,
ಲ್ಯಾಪ್‌ಟಾಪ್ ಅವಚಿ ಮೆಟ್ಟಿಲು ಹತ್ತಿದಳು,
ನಾಲ್ಕನೆಯದರಲ್ಲಿ ನಿಂತಳು, ತಿರುಗಿದಳು.
"ಒಂದೇ ಒಂದು ಮಾತು, ಮಾಲ್ಖಾಜ್."

ನಾನು ಮತ್ತೆ ನೀರು ಕಾಯಲಿಟ್ಟೆ.